ಹದಿನೆಂಟು ಬೀಳಬೇಕಿತ್ತು

ಜೂನ್ 9, 2024, ಭಾನುವಾರ

ಕಡೆಗೂ ಆಟಕ್ಕೆ ಮೂರನೆಯವರು ಸಿಕ್ಕರು. ಆಸ್ಪತ್ರೆಯ ನರ್ಸ್ ದುರ್ಗಾ. ಅವ್ವನ ಬಿಪಿ ನೋಡಲು ವಾರಕ್ಕೊಮ್ಮೆ ನಮ್ಮ ಕ್ವಾರ್ಟರ್ಸಿಗೆ ಬರುವವಳು, ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನೂ ಇಪ್ಪತ್ತು ಮುಖದ ದಾಳವನ್ನೂ ನೋಡಿ, "ಇದೇನ್ರಿ ಸರ್, ಪಗಡಿನೂ ಅಲ್ಲ, ಕೇರಂ ಬೋರ್ಡೂ ಅಲ್ಲ?" ಎಂದು ಕೇಳಿದ್ದೇ ನೆಪವಾಯಿತು.

ನಾನು ಹೇಳಿದೆ: "ಒಂದು ಕಥಿ ಐತಿ ಅಂತ ತಿಳೀರಿ. ನಾ ಅದನ್ನ ನಡಸಾಂವ. ಕಾಡು, ನದಿ, ರಾಕ್ಷಸ ಎಲ್ಲಾ ನನ್ನ ಕೈಯಾಗ. ನೀವು ಅದರೊಳಗಿನ ಒಂದು ಪಾತ್ರ. ಮುಂದ ಏನ್ ಮಾಡ್ತೀರಿ ಅಂತ ನೀವ ಹೇಳಬೇಕು. ಕಷ್ಟದ ಕೆಲಸ ಆದ್ರ ದಾಳ ಉರುಳಸಬೇಕು. ನಾ ಹೇಳಿದಷ್ಟು ಬಿದ್ರ ಕೆಲಸ ಆತು, ಇಲ್ಲಂದ್ರ ಇಲ್ಲ."

"ಏನ್ ಬೇಕಾದ್ರೂ ಮಾಡಬಹುದೇನ್ರಿ?"

"ಏನ್ ಬೇಕಾದ್ರೂ."

ನಕ್ಕಳು. ಮುಂಡಗೋಡ ಕಡೆಯ ತಾಂಡಾದವಳಂತೆ. ಇಲ್ಲಿ ಗುರುತಿನವರು ಯಾರೂ ಇಲ್ಲ, ಭಾನುವಾರ ಕೋಣೆಯಲ್ಲಿ ಒಬ್ಬಳೇ ಕೂರುವುದು ಬೇಸರ ಎಂದಳು.

ಗೆಳೆಯ ಕಿರಣಕುಮಾರನಿಗೆ ಖುಷಿಯೋ ಖುಷಿ. ಈ ಆಟ ನಮ್ಮ ಮನೆಗೆ ಬಂದದ್ದೇ ಅವನಿಂದ. ಮಳೆಗಾಲ ಬಿಟ್ಟು ಉಳಿದ ದಿನ ಕಾಳಿ ನದಿಯಲ್ಲಿ ಪ್ರವಾಸಿಗರ ರಬ್ಬರ್ ದೋಣಿ ನಡೆಸುತ್ತಾನೆ. ಮೂರು ವರ್ಷದ ಹಿಂದೆ ಯಾರೋ ಹೋಂಸ್ಟೇಯಲ್ಲಿ ಬಿಟ್ಟುಹೋದ ದಾಳ ಮತ್ತು ನಿಯಮದ ಪುಸ್ತಕ ತಂದು, "ಸುಭಾಸಣ್ಣಾ, ನೀ ಓದಾಂವ, ನೋಡು" ಎಂದು ಕೊಟ್ಟ. ಇನ್ನೊಬ್ಬರು ಅಡಿವೆಯ್ಯ ಸರ್. ನಮ್ಮಿಬ್ಬರಿಗೂ ಶಾಲೆಯಲ್ಲಿ ಪಿ.ಟಿ. ಕಲಿಸಿದವರು. ಅರವತ್ತೆಂಟರಲ್ಲೂ ಖಡ್ಗ ಹಿಡಿಯುವ ಪಾತ್ರವೇ ಬೇಕು ಅವರಿಗೆ.

ನಾನು ಬರೆಯುತ್ತಿರುವ ಕಥೆಯ ಹೆಸರು "ಏಳು ಮಡುವಿನ ದಾರಿ". ಏಳೂ ಮಡು ದಾಟಿದರೆ ನದಿಯ ಮೂಲ. ದಿನವಿಡೀ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದದ ಹಾಳೆ ಹರಿದು, ಅಳೆದು, ಸರಿ-ತಪ್ಪು ಗುರುತು ಹಾಕುವವನಿಗೆ ಇದೊಂದೇ ಸ್ವಂತದ್ದು. ಇನ್ನೂರು ಪುಟವಾಯಿತು.

ಜೂನ್ 27, ಗುರುವಾರ

ಅವ್ವ ಇವತ್ತು ಮತ್ತೆ ಶಿವವ್ವ ದೊಡ್ಡವ್ವನನ್ನು ಕೇಳಿದಳು. "ತೇರಗಾಂವದ ಬಸ್ ಬಂತೇನು? ಅಕ್ಕ ಬರ್ತೇನಿ ಅಂದಿದ್ಲು."

ದೊಡ್ಡವ್ವ ತೀರಿಕೊಂಡು ನಾಲ್ಕು ವರ್ಷ. ಮಣ್ಣು ಮಾಡುವಾಗ ಅವ್ವನೂ ಇದ್ದಳು. ಹೇಳಿದೆ. ಅವ್ವ ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಬಾಗಿಲಿಗೆ ಆತುಕೊಂಡು ಕೂತು ಅತ್ತಳು. ಊಟ ಮಾಡಲಿಲ್ಲ. ಹಗಲು ನೋಡಿಕೊಳ್ಳುವ ಪಕ್ಕದ ಮನೆಯ ಗೋದುಬಾಯಿ, "ಸುಮ್ನ ಹ್ಞೂಂ ಅನಬಾರದೇನ್ರಿ?" ಎಂದಳು. ಸುಳ್ಳು ಹೇಳಿ ಇನ್ನಷ್ಟು ಗೊಂದಲ ಮಾಡುವುದು ಸರಿಯಲ್ಲ. ಇದ್ದದ್ದು ಇದ್ದ ಹಾಗೆ ಮತ್ತೆ ಮತ್ತೆ ಹೇಳಿದರೆ ನೆನಪು ಗಟ್ಟಿಯಾದೀತು.

ಆಗಸ್ಟ್ 18, ಭಾನುವಾರ

ಎರಡನೆಯ ಮಡು ಮುಗಿಯಿತು. ನಿಧಾನ. ದೀಪಾವಳಿಗೆ ಮುಂಚೆ ದೋಣಿ ಶುರುವಾದರೆ ಕಿರಣ ಭಾನುವಾರ ಸಿಗುವುದಿಲ್ಲ. ಅಷ್ಟರೊಳಗೆ ಐದಾದರೂ ದಾಟಿಸಬೇಕು.

ದುರ್ಗಾ ತಪ್ಪದೆ ಬರುತ್ತಾಳೆ, ಆದರೆ ಆಡುವುದು ಕಡಿಮೆ. ಸರದಿ ಬಂದಾಗಲೆಲ್ಲ, "ನಾನೂ ಕಿರಣ ಮಾಡಿದ್ದ ಮಾಡ್ತೇನ್ರಿ" ಎಂದು ದಾಳ ಉರುಳಿಸುತ್ತಾಳೆ. ಆದರೆ ಕಥೆ ಕೇಳುವಾಗ ಅವಳ ಕಣ್ಣು ನೋಡಬೇಕು. ಹೋದ ವಾರ ಕಥೆಯಲ್ಲಿ ಸತ್ತ ಕುದುರೆಯ ಹೆಸರನ್ನು ನಾನೇ ಮರೆತಿದ್ದೆ. ಅವಳು ಹೇಳಿದಳು.

ಇವತ್ತು ಬೇಗ ಬಂದು ಅಡಿಗೆಮನೆಯಲ್ಲಿ ಅವ್ವನ ಜೊತೆ ಕೂತಿದ್ದಳು. ನಾನು ಒಳಗೆ ಹೋದಾಗ, "ಹೌದ್ರಿ? ಶಿವವ್ವಾರಿಗೆ ಖಾರದ ರೊಟ್ಟಿ ಅಂದ್ರ ಅಷ್ಟ್ ಸೇರ್ತೈತೇನು? ಮತ್ತ ಬಂದಾಗ ಮಾಡೂಣು ತಗೋರಿ" ಎನ್ನುತ್ತಿದ್ದಳು. ಅವ್ವ ನಗುತ್ತಿದ್ದಳು.

ಹೊರಗೆ ಕರೆದು ಹೇಳಿದೆ: "ಸಿಸ್ಟರ್, ಆಕಿ ಸತ್ತು ನಾಕ್ ವರ್ಷ ಆತು. ಹಂಗೆಲ್ಲಾ ಮಾತಾಡಿಸಬ್ಯಾಡ್ರಿ."

"ಗೊತ್ತೈತ್ರಿ ಸರ್," ಎಂದಳು. ಅಷ್ಟೇ.

ಸೆಪ್ಟೆಂಬರ್ 5, ಗುರುವಾರ

ಗಣಪತಿ ಮಾಡುವವರ ಹತ್ತಿರ ಎರಡು ಮುಷ್ಟಿ ಜೇಡಿಮಣ್ಣು ಕೇಳಿ ತಂದೆ. ಮೂರನೆಯ ಮಡುವಿನ ಕಾವಲುಗಾರನನ್ನು ಮಾಡುತ್ತಿದ್ದೇನೆ. ಗೇಣುದ್ದ. ಕೈಯಲ್ಲಿ ಕಬ್ಬಿಣದ ಗದೆ. ನಕ್ಷೆಗೆ ಬಣ್ಣ ಹಾಕಿದ್ದಾಯಿತು. ಕಾಳಗದ ಲೆಕ್ಕವೇ ಹನ್ನೊಂದು ಪುಟ. ಅರ್ಧ ಸೋತಾಗ ಅವನ ಬೆನ್ನಿನಿಂದ ಇನ್ನೆರಡು ಕೈ ಹೊರಡುತ್ತವೆ. ಇದು ಯಾರಿಗೂ ಗೊತ್ತಿಲ್ಲ. ಕಿರಣನ ಮುಖ ನೋಡಬೇಕು.

ಸೆಪ್ಟೆಂಬರ್ 22, ಭಾನುವಾರ

ಮೂರನೆಯ ಮಡು ಮುಗಿಯಿತು. ಒಳ್ಳೆಯ ಆಟ.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಬಂದರು. ಕಾವಲುಗಾರನ ಮೇಲಿನ ಬಟ್ಟೆ ತೆಗೆದೆ. ಅಡಿವೆಯ್ಯ ಸರ್ "ಅಬಬ" ಎಂದರು. ಓದಿದೆ: ಕಲ್ಲಿನ ಬಾಗಿಲು. ಮುಂದೆ ಎರಡಾಳೆತ್ತರದ ಕಾವಲುಗಾರ. ಅವನನ್ನು ಇಲ್ಲಿ ನಿಲ್ಲಿಸಿದ ರಾಜ ಸತ್ತು ಮುನ್ನೂರು ವರ್ಷ. ಅರಮನೆ ಹುತ್ತವಾಗಿದೆ. ಅವನಿಗೆ ಅದು ಗೊತ್ತಿಲ್ಲ. ರಾಜನ ಅಪ್ಪಣೆ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಕಿರಣ ಈಟಿ ಎಸೆದ. ಅಡಿವೆಯ್ಯ ಸರ್ ಎಡಗಡೆಯಿಂದ ನುಗ್ಗಿದರು. ದುರ್ಗಾಳ ಸರದಿ ಬಂತು. ದಾಳ ಅವಳ ಕಡೆ ತಳ್ಳಿದೆ. ಮುಟ್ಟಲಿಲ್ಲ.

"ಸರ್, ನಾ ಬಡಿಯೂದಿಲ್ರಿ. ನಾ ಅವನ ಮುಂದ ಹೋಗಿ ನಿಂದರ್ತೇನಿ. ಕೈಯಾಗ ಏನೂ ಇಲ್ಲ."

"ಹೋಗಿ?"

"ಹೋಗಿ ಹೇಳ್ತೇನಿ," ಎಂದಳು. ಮಣ್ಣಿನ ಗೊಂಬೆಯನ್ನೇ ನೋಡುತ್ತಿದ್ದಳು. "ಅಣ್ಣಾ, ನಿನ್ನ ಪಾಳಿ ಮುಗೀತು. ನಿನ್ನ ಬದಲಿಗೆ ನಾ ಬಂದೇನಿ. ನೀ ಇನ್ನ ಮನೀಗೆ ಹೋಗು."

ಕಿರಣ ತೊಡೆ ತಟ್ಟಿ, "ಏ ಭಾರೀ!" ಎಂದ. ಅಡಿವೆಯ್ಯ ಸರ್ ಕನ್ನಡಕ ತೆಗೆದು ಅವಳನ್ನು ನೋಡಿದರು.

ನನಗೆ ಏನಾಯಿತೋ. ಹನ್ನೊಂದು ಪುಟ ಕಣ್ಣ ಮುಂದೆ ಬಂತು. ನಕ್ಕುಬಿಟ್ಟೆ. "ಅವ ರಾಕ್ಷಸ ರೀ ಸಿಸ್ಟರ್. ಗೇಟಿನ ವಾಚಮನ್ ಅಲ್ಲ."

ಕಿರಣನೂ ನಕ್ಕ. ದುರ್ಗಾ ನಗಲಿಲ್ಲ. "ಮುನ್ನೂರು ವರ್ಷ ಆದ್ರೂ ಅವಂಗ ಮನೀಗೆ ಹೋಗು ಅಂತ ಯಾರೂ ಅಂದಿಲ್ಲಲ್ರಿ?" ಎಂದಳು, ಸಣ್ಣ ದನಿಯಲ್ಲಿ.

"ದಾಳ ಉರುಳಸ್ರಿ."

ಉರುಳಿಸಿದಳು. ಹದಿನೇಳು.

"ಹದಿನೆಂಟು ಬೀಳಬೇಕಿತ್ತು," ಎಂದೆ. "ಅವ ನಿಮ್ಮನ್ನ ಎತ್ತಿ ಕಲ್ಲಿಗೆ ಒಗೀತಾನ. ಪೆಟ್ಟು ಆರು, ನಿಮ್ಮ ಶಕ್ತಿ ಅಷ್ಟ ಕಡಿಮಿ ಆತು."

ಕಾಳಗ ಎರಡು ಗಂಟೆ ನಡೆಯಿತು. ಎರಡು ಕೈ ಹೊರಟಾಗ ಕಿರಣ ಕುರ್ಚಿಯಿಂದ ಎದ್ದು ಕೂಗಿದ. ಕೊನೆಯ ಏಟು ಅಡಿವೆಯ್ಯ ಸರ್ ಅವರದು. ದುರ್ಗಾ ಉಳಿದ ಸರದಿಗಳಲ್ಲೆಲ್ಲ ಕಿರಣ ಮಾಡಿದ್ದನ್ನೇ ಮಾಡಿದಳು. ಚಹಾದ ಕಪ್ಪು ತೊಳೆದಿಟ್ಟು, ಅವ್ವನಿಗೆ ಹೇಳಿ ಹೋದಳು.

ಸೆಪ್ಟೆಂಬರ್ 23, ಸೋಮವಾರ

ಇದು ನನ್ನ ಪುಸ್ತಕ. ಇಲ್ಲಾದರೂ ಇದ್ದದ್ದು ಬರೆಯಬೇಕು.

ಹದಿನೆಂಟು ಎಂದು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಹದಿನೇಳು ಬಿದ್ದದ್ದು ನೋಡಿ ಹದಿನೆಂಟು ಎಂದೆ. ಹತ್ತೊಂಬತ್ತು ಬಿದ್ದಿದ್ದರೆ ಇಪ್ಪತ್ತು ಎನ್ನುತ್ತಿದ್ದೆ.

ಅಕ್ಟೋಬರ್ 6, ಭಾನುವಾರ

ದುರ್ಗಾ ಬಂದಳು. ನಾಲ್ಕು ಸಲ ದಾಳ ಉರುಳಿಸಿದಳು. "ನಾನೂ ಅದನ್ನ ಮಾಡ್ತೇನ್ರಿ." ಕಥೆ ಓದುವಾಗ ಕಿಟಕಿಯ ಆಚೆ ನೋಡುತ್ತಿದ್ದಳು.

ಅಕ್ಟೋಬರ್ 20, ಭಾನುವಾರ

ದುರ್ಗಾ ಬರಲಿಲ್ಲ. ಅರ್ಧ ಗಂಟೆ ಕಾದು ಫೋನ್ ಮಾಡಬೇಕೆಂದಿದ್ದೆ. ಕಿರಣ ಹೇಳಿದ: "ಆಕಿ ಹೋಗ್ಯಾಳಲ್ಲಣ್ಣಾ. ಮುಂಡಗೋಡಕ್ಕ ಬದಲಿ ತಗೊಂಡ್ಲು. ಬುಧವಾರನ ಹೋದ್ಲು. ನಿಂಗ ಹೇಳಿಲ್ಲೇನು?"

ಅವ್ವನ ಬಿಪಿ ನೋಡಲು ಹೋದ ವಾರ ಬೇರೆ ಸಿಸ್ಟರ್ ಬಂದಿದ್ದಳು. ನಾನು ಕೇಳಲೂ ಇಲ್ಲ.

ಮೂವರಿಗೆ ಆಟ ಸಾಗಲಿಲ್ಲ. ಅಡಿವೆಯ್ಯ ಸರ್ ಚೀಲ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತರು. "ಸುಭಾಸ, ಒಂದು ಮಾತು. ಮೂವತ್ತು ವರ್ಷ ನಾ ಸೀಟಿ ಊದೇನಿ. ಹುಡುಗೂರು ಆಡಾಕತ್ತಾಗ ಸೀಟಿ ಊದೂದು ಭಾಳ ಸರಳ. ಊದಬಾರದು ಯಾವಾಗ ಅಂತ ನಂಗ ರಿಟೈರ್ ಆಗೂ ಹೊತ್ತಿಗೆ ತಿಳೀತು."

"ನಿಯಮ ಅಂತ ಒಂದಿರ್ತೈತಲ್ರಿ ಸರ್," ಎಂದೆ.

"ಇರ್ತೈತಪ್ಪ," ಎಂದರು. "ಆ ಹುಡುಗಿ ಹೇಳಿದ ಮಾತು ನಂಗ ಎರಡು ದಿನ ನಿದ್ದಿ ಕೊಡ್ಲಿಲ್ಲ. ನನ್ನ ಖಡ್ಗದ ಏಟು ನಂಗ ನೆನಪಿಲ್ಲ."

ಅವರು ಹೋದ ಮೇಲೆ ಬಹಳ ಹೊತ್ತು ಕೂತಿದ್ದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆಂದು ತಿಳಿಯಲಿಲ್ಲ.

ಅಕ್ಟೋಬರ್ 23, ಬುಧವಾರ

ಪ್ರಯೋಗಾಲಯದಲ್ಲಿ ಹಾಳೆ ಹರಿಯುತ್ತ ಕೂತಾಗ ಅದೇ ಯೋಚನೆ. ಅವಳು ಹೇಳಿದ ಹಾಗೆ ಬಿಟ್ಟಿದ್ದರೆ? ಕಾವಲುಗಾರ ಗದೆ ಕೆಳಗಿಡುತ್ತಾನೆ. "ನನ್ನ ಮನೀ ಎಲ್ಲೈತಿ?" ಎಂದು ಕೇಳುತ್ತಾನೆ. ಆಗ ಅವಳು ಏನು ಹೇಳುತ್ತಿದ್ದಳು? ಕಿರಣ ಏನು ಮಾಡುತ್ತಿದ್ದ? ಬಾಗಿಲು ಈಗ ಅವಳ ಸುಪರ್ದಿ. ಒಳಗೆ ಯಾರನ್ನು ಬಿಡಬೇಕೆಂದು ಅವಳೇ ಹೇಳಬೇಕಿತ್ತು. ಎರಡು ವರ್ಷದಿಂದ ಬರೆಯುತ್ತಿದ್ದೇನೆ, ನನ್ನ ಇನ್ನೂರು ಪುಟದಲ್ಲಿ ಇಂಥದ್ದೊಂದಿಲ್ಲ.

ಕೆಳಗಿನ ಮಷಿನ್ ನಿಂತಾಗಲೇ ಎಚ್ಚರವಾದದ್ದು. ಹನ್ನೆರಡು ಹಾಳೆಗೆ ಗುರುತು ಹಾಕುವುದನ್ನೇ ಮರೆತಿದ್ದೆ.

ನವೆಂಬರ್ 5, ಮಂಗಳವಾರ

ಅವ್ವ ಹಬ್ಬದ ಹೋಳಿಗೆ ನಾಲ್ಕು ತೆಗೆದು ಕಾಗದದಲ್ಲಿ ಸುತ್ತಿಟ್ಟಿದ್ದಾಳೆ. ಶಿವವ್ವನಿಗಂತೆ. ಹುಳಿ ವಾಸನೆ ಬರುತ್ತಿತ್ತು. ಎಸೆಯುವಾಗ ನೋಡಿಬಿಟ್ಟಳು. "ಆಕಿ ಇಲ್ಲವ್ವಾ, ಸತ್ತಾಳ" ಎಂದೆ. ಎದೆ ಬಡಿದುಕೊಂಡಳು. "ನಂಗ್ಯಾಕ ಹೇಳಲಿಲ್ಲ? ಮಣ್ಣಿಗೂ ಕರೀಲಿಲ್ಲ ನನ್ನ!" ಎಂದು ನನ್ನ ಅಂಗಿ ಹಿಡಿದು ಜಗ್ಗಿದಳು.

ನವೆಂಬರ್ 20, ಬುಧವಾರ

ರಜೆ ಹಾಕಿ ಮುಂಡಗೋಡಕ್ಕೆ ಹೋಗಿಬಂದೆ. ಯಲ್ಲಾಪುರದಲ್ಲಿ ಬಸ್ ಬದಲಿಸಬೇಕು. ದಾರಿಯುದ್ದಕ್ಕೂ ತೊಡೆಯ ಮೇಲೆ ಆರು ಹಾಳೆ. ಮೂರನೆಯ ಮಡುವನ್ನು ಅವಳು ಹೇಳಿದ ಹಾಗೆ ಮತ್ತೆ ಬರೆದಿದ್ದೆ. ಕಾವಲುಗಾರ ಗದೆ ಕೆಳಗಿಡುವಲ್ಲಿಗೆ ನಿಲ್ಲಿಸಿದ್ದೆ. ಮುಂದಿನದು ಅವಳದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಸ್ಪತ್ರೆಯ ಗೇಟಿನಾಚೆ ಬಂದಳು. ನನ್ನನ್ನು ನೋಡಿದ ಕೂಡಲೇ ಗಾಬರಿಯಾದಳು. "ಅವ್ವಾರಿಗೆ ಏನರ ಆತೇನ್ರಿ?"

"ಇಲ್ಲ, ಇಲ್ಲ. ಆರಾಮ ಅದಾಳ."

"ಅಷ್ಟ ಸಾಕ್ರಿ," ಎಂದು ಉಸಿರು ಬಿಟ್ಟಳು. "ಶಿವವ್ವಾರು ಬಂದ್ರೇನು?"

"ಆಕಿ ಸತ್ತು…" ಎಂದು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿದೆ. ದುರ್ಗಾ ನನ್ನನ್ನು ಚೇಷ್ಟೆ ಮಾಡುತ್ತಿರಲಿಲ್ಲ. ಅವ್ವನ ಯೋಗಕ್ಷೇಮವನ್ನು ಅವಳು ಹಾಗೆ ಕೇಳಿದ್ದಳು, ಅಷ್ಟೇ. "ಇನ್ನೂ ಬಂದಿಲ್ಲ," ಎಂದೆ.

ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು. ಹಾಳೆ ಅವಳ ಮುಂದಿಟ್ಟೆ. "ದುರ್ಗಾ ಅವರ, ಭಾನುವಾರ ಒಂದ ದಿನ ಬರ್ರಿ. ಆ ಬಾಗಲ ಮುಂದ ಮತ್ತ ಹೋಗೂಣು. ನೀವು ಹೇಳಿದಂಗ ಆಗ್ಲಿ. ದಾಳ ಬ್ಯಾಡ, ಏನೂ ಬ್ಯಾಡ."

ಮೊದಲನೆಯ ಹಾಳೆ ಓದಿದಳು. ಅರ್ಧದವರೆಗೆ. ಮೆಲ್ಲಗೆ ಮಡಚಿ ನನ್ನ ಕಡೆಗೇ ಸರಿಸಿದಳು.

"ಅವ ಸತ್ತಾನಲ್ರಿ ಸರ್. ನಾವ ಕೊಂದೇವಿ."

"ಅದು ಕಥಿ ರೀ. ಎಬ್ಬಿಸಿದ್ರಾತು."

"ಎಬ್ಬಿಸಿದ್ರ ಅವ ಅವನ ಆಗೂದಿಲ್ರಿ. ನಂಗ ಅವತ್ತ ಹೊಳೀತು. ಯಾಕ ಹೊಳೀತೋ ಏನೋ. ಇವತ್ತ ಹೇಳ್ರಿ ಅಂದ್ರ ಓದಿ ಒಪ್ಪಿಸಿದಂಗ ಆಗ್ತೈತಿ."

ಹುಬ್ಬಳ್ಳಿಯ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಅದು ದಾಟಿದ ಮೇಲೆ ಹೇಳಿದೆ: "ಆ ಹದಿನೆಂಟು… ನಾ ಮೊದಲ ಬರದಿದ್ದಿಲ್ಲ. ಆಮ್ಯಾಲ ಹೇಳಿದ್ದು."

"ಗೊತ್ತೈತ್ರಿ. ನೀವು ಹಾಳಿ ನೋಡ್ಲಿಲ್ಲ. ದಾಳ ನೋಡಿದ್ರಿ."

ಅಂದರೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಕಪ್ಪು ತೊಳೆದಿಟ್ಟು ಹೋಗಿದ್ದಳು.

ಚಹಾ ಆರುತ್ತಿತ್ತು. ಅವಳು ಲೋಟದ ಅಂಚನ್ನು ಬೆರಳಿನಿಂದ ಸವರುತ್ತ, ನಾನು ಕೇಳದಿದ್ದರೂ ಹೇಳಿದಳು. "ನಮ್ಮಪ್ಪ ಥಾವರೆಪ್ಪ ಅಂತ್ರಿ. ಅತ್ತಿವೇರಿ ಕಡೆ ಒಂದು ಅಕ್ಕಿ ಗೋದಾಮು ಕಾಯ್ತಿದ್ದ. ಸಾವುಕಾರ ಧಂದೆ ಮುಚ್ಚಿ ಊರ ಬಿಟ್ಟು ಹೋದ. ಅಪ್ಪಗ ಯಾರೂ ಹೇಳ್ಲಿಲ್ಲ. ಇವ ದಿನಾ ಬುತ್ತಿ ಕಟಗೊಂಡು ಹೋಗೂದ. ಎರಡು ವರ್ಷ ಹೋದಾನ್ರಿ. ಮ್ಯಾಲಿನ ತಗಡಿನ ಪತ್ರಾಸ ಹಾರಿ ಹೋದ್ವು, ಗ್ವಾಡಿ ಬಿತ್ತು, ಬಾಗಲಾ ಒಂದ ನಿಂತಿತ್ತು. ಬಾಗಲಾ ಕಾಯ್ತಿದ್ದ. ಅವ್ವ ಬೈದ್ಲು, ಅಣ್ಣ ಬೈದ. ಸಾವುಕಾರ ಬಂದು ಹೇಳ್ಲಿ, ಬಿಡ್ತೇನಿ ಅಂತಿದ್ದ."

"ಮತ್ತ?"

"ನಾ ನರ್ಸಿಂಗ್ ಮುಗಿಸಿ ಬಂದವಳು ಒಂದಿನಾ ಅಲ್ಲಿಗೆ ಹೋದೆ. ಸಾವುಕಾರ ಹೇಳಿ ಕಳಿಸ್ಯಾನ, ನಿನ್ನ ಪಾಳಿ ಮುಗೀತಂತ, ನನಗ ನಿಂದರು ಅಂದಾನ ಅಂತ ಹೇಳಿದೆ. ಸುಳ್ಳ್ರಿ, ಪೂರಾ ಸುಳ್ಳ. ಅಪ್ಪ ನನ್ನ ಮುಖಾ ನೋಡಿದ. ಕೀಲಿಕೈ ನನ್ನ ಕೈಯಾಗಿಟ್ಟ. ಮನೀಗೆ ಬಂದು ಮಲಕೊಂಡಾಂವ ಮರುದಿನ ಮಧ್ಯಾಹ್ನದ ತನಕಾ ಏಳ್ಲಿಲ್ಲ."

ಲೋಟ ಕೆಳಗಿಟ್ಟು, "ಅದನ್ನ ಯಾರ ಮುಂದೂ ಹೇಳಿದ್ದಿಲ್ರಿ. ಅವತ್ತ ತಾನಾ ಬಾಯಿಗೆ ಬಂತು," ಎಂದಳು.

ಗೇಟಿನ ವಾಚಮನ್ ಅಲ್ಲ ಎಂದು ನಾನು ನಕ್ಕಿದ್ದೆ. ಅವಳು ಅದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಿತ್ತು. ತಪ್ಪಾಯಿತು ಎನ್ನುವ ಎರಡು ಮಾತಿಗಾಗಿ ಅಷ್ಟು ದೂರ ಹೋಗಿದ್ದೆ, ಅದನ್ನು ಬಿಟ್ಟು ಬಾಕಿ ಎಲ್ಲ ಮಾತಾಡಿದೆ.

"ಇಲ್ಲಿ ಆಡ್ತೀರೇನು? ಯಾರ ಜೊತಿಗರ?" ಎಂದು ಕೇಳಿದೆ.

"ಇಲ್ರಿ, ಬಿಟ್ಟೇನಿ." ನಕ್ಕಳು. "ನಾ ಏನಾರ ಹೇಳಬೇಕಂದ್ರ ಮೊದಲ ಎಷ್ಟು ಬೀಳಬೇಕು ಅಂತ ಯೋಚನಿ ಬರ್ತೈತಿ ಈಗ." ಗಡಿಯಾರ ನೋಡಿ ಎದ್ದಳು. "ಅವ್ವಾರಿಗೆ ಉಪ್ಪು ಕಡಿಮಿ ಕೊಡ್ರಿ. ಬರ್ತೇನ್ರಿ ಸರ್."

ವಾಪಸು ಬರುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಕಾಡು ಶುರುವಾಗುವವರೆಗೂ ಭತ್ತದ ಗದ್ದೆ. ಆ ಆರು ಹಾಳೆಗಳನ್ನು ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಬಿಟ್ಟುಬರಬೇಕೆನಿಸಿತು. ಬಿಡಲಿಲ್ಲ. ಚೀಲದಲ್ಲಿವೆ.

ನವೆಂಬರ್ 22, ಶುಕ್ರವಾರ

ಅವ್ವ ಸಂಜೆ ಕೇಳಿದಳು, "ಅಕ್ಕ ಬಂದ್ಲೇನು?"

ಎದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಒಣಗಿದ ಬಟ್ಟೆ ತೆಗೆದೆ. ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ದೊಡ್ಡವ್ವ ಸತ್ತದ್ದು ಒಂದೇ ಸಲ. ಆ ಸುದ್ದಿಯನ್ನು ನಾನು ಅವ್ವನಿಗೆ ಎಷ್ಟು ಸಲ ತಂದುಕೊಟ್ಟಿದ್ದೇನೆ! ಪ್ರತಿ ಸಲವೂ ಅವಳಿಗೆ ಅದು ಮೊದಲನೆಯದು.

ಒಳಗೆ ಬಂದಾಗ ಅವ್ವ ಮರೆತಿದ್ದಳು.

ಡಿಸೆಂಬರ್ 10, ಮಂಗಳವಾರ

ಭಾನುವಾರ ಕಿರಣ ಸಿಗುವುದಿಲ್ಲ. ಅವನಿಗೆ ಇವತ್ತು ಬಿಡುವು, ನನಗೆ ಬೆಳಗಿನ ಪಾಳಿ. ಮೂರೂವರೆಗೆ ಕೂತೆವು. ಅಡಿವೆಯ್ಯ ಸರ್ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬಂದರು. ಗೋದುಬಾಯಿ ಹಳಿಯಾಳಕ್ಕೆ ಮದುವೆಗೆ ಹೋಗಿದ್ದಾಳೆ, ಹಾಗಾಗಿ ಅವ್ವನನ್ನೂ ನಮ್ಮ ಜೊತೆಗೇ ಕೂರಿಸಿಕೊಳ್ಳಬೇಕಾಯಿತು, ದುರ್ಗಾ ಕೂರುತ್ತಿದ್ದ ಕುರ್ಚಿಯಲ್ಲಿ. ಕೈಯಲ್ಲಿ ಅವರೆಕಾಯಿ ಬುಟ್ಟಿ ಕೊಟ್ಟೆ, ಬಿಡಿಸುತ್ತಿರಲಿ ಎಂದು.

ನಾಲ್ಕನೆಯ ಮಡು ಓದಿದೆ. ಹೊಳೆ ತುಂಬಿ ಬಂದಿದೆ. ದೋಣಿ ಇಲ್ಲ, ಸೇತುವೆ ಇಲ್ಲ. ನೀರಿನೊಳಗೆ ಮುಳುಗಿದ ಕಲ್ಲಿನ ದಾರಿಯೊಂದಿದೆ, ದಂಡೆಯ ಬಂಡೆಗಳ ಮೇಲಿನ ಗುರುತು ಓದಿದರೆ ಸಿಗುತ್ತದೆ. ಅದನ್ನು ನಾನು ಹೇಳುವಂತಿಲ್ಲ, ಇವರೇ ಕಂಡುಹಿಡಿಯಬೇಕು. ಇಪ್ಪತ್ತು ನಿಮಿಷ ಕಿರಣ ಬಳ್ಳಿ ಕಡಿದ, ಮರ ಕಡಿದ. ಬಂಡೆಯ ಕಡೆ ಯಾರೂ ತಿರುಗಲಿಲ್ಲ. ಅಡಿವೆಯ್ಯ ಸರ್ ಆಕಳಿಸಿದರು.

"ಶಿವವ್ವನ್ನ ಕರೀರಿ," ಎಂದಳು ಅವ್ವ.

ಮೂವರೂ ಅವಳನ್ನು ನೋಡಿದೆವು.

"ಹೊಳಿ ಬಂದೈತಿ ಅಂತೀರಲ್ಲಾ? ಆಕಿ ದಾಟಸ್ತಾಳ. ಎಮ್ಮಿ ಬಾಲಾ ಹಿಡಿಸಿ ದಾಟಸ್ತಾಳ ಆಕಿ."

ಕಿರಣ ದಾಳ ಹಿಡಿದುಕೊಂಡು ಹಾಗೇ ಕೂತ. ಅಡಿವೆಯ್ಯ ಸರ್ ನನ್ನ ಕಡೆ ತಿರುಗಿದರು. ಸೀಟಿ ಊದುತ್ತಾನೋ ಎಂದು ನೋಡುವ ಹಾಗೆ. ನನ್ನ ಹಾಳೆಯಲ್ಲಿ ಎಮ್ಮೆ ಇರಲಿಲ್ಲ.

"ಎಂಥಾ ಎಮ್ಮಿ ಅವ್ವಾ?" ಎಂದು ಕೇಳಿದೆ.

"ಕೋಡು ಹಿಂದಕ್ಕ ಬಗ್ಗಿದ್ದು. ಹಣೀಮ್ಯಾಲ ಬಿಳೀ ಚುಕ್ಕಿ. ಚಂದ್ರಿ ಅಂತಾರ."

"ಶಿವವ್ವ ಚಂದ್ರಿನ್ನ ಹೊಡಕೊಂಡು ದಂಡಿಗೆ ಬಂದ್ಲು," ಎಂದೆ. "ಸೀರಿ ಕಚ್ಚಿ ಹಾಕ್ಯಾಳ. ಮೊದಲ ಯಾರನ್ನ ದಾಟಸ್ತಾಳ?"

"ದೊಡ್ಡವರನ್ನ," ಎಂದು ಅವ್ವ ಅಡಿವೆಯ್ಯ ಸರ್ ಅವರನ್ನು ತೋರಿಸಿದಳು. "ಅಲ್ಲಿ ಹಿಡೀಬ್ಯಾಡ್ರಿ, ತುದೀಗೆ ಹಿಡೀರಿ. ಒದಿತೈತಿ. ನೀರು ಬಾಯಿಗೆ ಬಂದ್ರ ಮುಖಾ ಮ್ಯಾಲೆತ್ತರಿ. ಕೈ ಬಿಡಬ್ಯಾಡ್ರಿ. ನಂಗ ಆರು ವರ್ಷ ಇದ್ದಾಗ ಆಕಿ ಬೆನ್ನಿಗೆ ಕಟಗೊಂಡಿದ್ಲು, ನಾ ಕಣ್ಣ ತಗೀಲಿಲ್ಲ."

"ಹಿಡದೇನ್ರಿ ಮಾಲವ್ವಾರ," ಎಂದರು ಅಡಿವೆಯ್ಯ ಸರ್, ಅವ್ವನಿಗೆ. ನಿಜಕ್ಕೂ ಮುಷ್ಟಿ ಬಿಗಿದಿದ್ದರು. "ಸೆಳವು ಭಾಳ ಐತ್ರಿ."

"ಎಮ್ಮಿಗೆ ಗೊತ್ತೈತಿ. ನೀವು ಸುಮ್ನ ಹಿಡಕೋರಿ."

ಕಿರಣ ನದಿಯವನು. ನಡುವೆ ಸುಳಿ ಇದೆ, ಎಮ್ಮೆ ಕೆಳಗಡೆಗೆ ಓರೆಯಾಗಿ ಈಜುತ್ತದೆ ಎಂದು ತಾನೇ ಸೇರಿಸಿದ. ಅವ್ವ, "ಹೌದ್ಹೌದು, ಆಲದ ಗಿಡದ ಹತ್ರ ಹತ್ತತೈತಿ" ಎಂದಳು. ಆಲದ ಮರವನ್ನು ನಕ್ಷೆಯಲ್ಲಿ ಬರೆದೆ. ದಾಳ ಯಾರೂ ಉರುಳಿಸಲಿಲ್ಲ. ಕೇಳುವುದು ನನಗೆ ನೆನಪೇ ಆಗಲಿಲ್ಲ. ನಾಲ್ಕನೆಯ ಮಡುವಿನ ಒಂಬತ್ತು ಪುಟ ದಂಡ. ಐದನೆಯದನ್ನೂ ತಿದ್ದಬೇಕು, ಆಲದ ಮರದ ಕಡೆಯಿಂದ ಬಂದರೆ ಗುಹೆ ಸಿಗುವುದಿಲ್ಲ.

ಅಡಿವೆಯ್ಯ ಸರ್ ಆಚೆ ಹತ್ತಿದರು. ಕಿರಣ ಹತ್ತಿದ. ಅವ್ವ ಸುತ್ತ ನೋಡಿ, "ಅಕ್ಕ ಎಲ್ಲಿ?" ಎಂದಳು.

"ಆಚೀ ದಂಡಿಗೆ ಕುಂತಾಳ. ಸೆರಗು ಹಿಂಡಾಕತ್ತಾಳ," ಎಂದೆ.

"ಈ ಥಂಡ್ಯಾಗ!" ಎಂದು ಅವ್ವ ಬುಟ್ಟಿ ಬದಿಗಿಟ್ಟು ಎದ್ದಳು. ಒಳಗೆ ಹೋಗಿ ತನ್ನ ಚಾದರ ತಂದು ನನ್ನ ಕೈಗೆ ಕೊಟ್ಟಳು. "ಕೊಡು ಆಕಿಗೆ. ಹೊದ್ದಕೋ ಅನ್ನು."

ಚಾದರ ಹಿಡಿದು ಕೋಣೆಯ ನಡುವೆ ನಿಂತೆ. ಅವ್ವ ನೋಡುತ್ತಿದ್ದಳು. ಎಲ್ಲಿಗೆ ಕೊಡಲಿ?

ಅಡಿವೆಯ್ಯ ಸರ್ ಮೇಜಿನ ಆಚೆಯಿಂದ ಕೈ ಚಾಚಿದರು. "ಇತ್ಲಾಗ ಕೊಡು ಸುಭಾಸ. ನಾ ಆಚೀ ದಂಡ್ಯಾಗ ಅದೇನಿ."

ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಅವ್ವ ಸಮಾಧಾನದಿಂದ ಅವರೆಕಾಯಿ ಬಿಡಿಸಲು ಕೂತಳು. ಹೊರಡುವವರೆಗೂ ಅವರು ಅದನ್ನು ಕೆಳಗಿಡಲಿಲ್ಲ.

ದುರ್ಗಾ ಇದ್ದಿದ್ದರೆ ಆ ಚಾದರಕ್ಕೆ ಮೊದಲು ಚಾಚಿದ ಕೈ ಅವಳದೇ ಆಗಿರುತ್ತಿತ್ತು.